ಸಂಜೆ ಬಸ್ಸಿಗೆ ಹೋಗಿ, ಬೆಳಿಗ್ಗೆ ಕಾಡಿಗಿಳಿಯಿರಿ

ಪ್ರಶ್ನೆ: ನಾವಿಬ್ಬರು ಗೆಳತಿಯರು, ಹಾವೇರಿಯವರು. ಇಬ್ಬರಿಗೂ ಕೆಲಸ ಇದೆ, ಆದರೆ ಕಾರು, ಬೈಕು ಇಲ್ಲ. ಸಿರ್ಸಿ, ಕಾರವಾರದ ಕಡೆಯ ಮಳೆಕಾಡಿನಲ್ಲಿ ನಡೆಯಬೇಕು ಅಂತ ತುಂಬಾ ದಿನದ ಆಸೆ. ಕೇಳಿದವರೆಲ್ಲ "ಸ್ವಂತ ಗಾಡಿ ಇಲ್ಲದೆ ಅಲ್ಲಿ ಏನೂ ಆಗಲ್ಲ" ಅನ್ನುತ್ತಾರೆ. ಬರೀ ಸರ್ಕಾರಿ ಬಸ್ಸನ್ನು ನಂಬಿ ಹೋಗಬಹುದಾ? ಯಾವ ಜಾಗ, ಯಾವ ತಿಂಗಳು? ಉಂಬಳ (ಕಾಡಿನ ಜಿಗಣೆ), ಹಾವು, ಮಂಗನ ಕಾಯಿಲೆ ಅಂದರೆ ಮನೆಯಲ್ಲಿ ಭಯವೂ ಇದೆ.

ಉತ್ತರ: ಧಾರಾಳವಾಗಿ ಹೋಗಬಹುದು. ನಾನು ಸಿರ್ಸಿಯವನು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ಮೂವತ್ತು ವರ್ಷದಿಂದ ಈ ಜಿಲ್ಲೆಯ ಕಾಡು ಸುತ್ತುತ್ತಿದ್ದೇನೆ. ಅದರಲ್ಲಿ ಮುಕ್ಕಾಲು ಪಾಲು ಬಸ್ಸಿನಲ್ಲಿ ಹೋಗಿಯೇ. ಗಾಡಿ ತಂದವರು ಎಷ್ಟು ನಡೆದರೂ ಗಾಡಿ ನಿಲ್ಲಿಸಿದ ಜಾಗಕ್ಕೇ ತಿರುಗಿ ಬರಬೇಕು. ಬಸ್ಸಿನಲ್ಲಿ ಹೋದವರು ಒಂದು ಊರಲ್ಲಿ ಇಳಿದು, ಕಾಡು ದಾಟಿ, ಇನ್ನೊಂದು ಊರಲ್ಲಿ ಬಸ್ಸು ಹತ್ತಬಹುದು. ನನಗೆ ಅದೇ ಜಾಸ್ತಿ ಇಷ್ಟ.

ಆದರೆ ಬಸ್ಸಿನ ಲೆಕ್ಕ ಗೊತ್ತಿರಬೇಕು. ಹೊಸಬರು ಎಡವುವುದು ಇಲ್ಲೇ. ನಮ್ಮ ಕಡೆಯ ಹಳ್ಳಿ ಬಸ್ಸು ಪ್ರವಾಸಿಗರಿಗಾಗಿ ಓಡುವುದಿಲ್ಲ. ಬೆಳಿಗ್ಗೆ ಹಳ್ಳಿಯಿಂದ ಮಕ್ಕಳನ್ನು ಶಾಲೆ, ಕಾಲೇಜಿಗೆ, ದೊಡ್ಡವರನ್ನು ಸೊಸೈಟಿಗೆ, ಆಸ್ಪತ್ರೆಗೆ ಪೇಟೆಗೆ ತರುತ್ತದೆ. ಸಂಜೆ ಅವರನ್ನೇ ವಾಪಸ್ ಬಿಡುತ್ತದೆ. ಎಷ್ಟೋ ಊರುಗಳಲ್ಲಿ ಸಂಜೆ ಹೋದ ಬಸ್ಸು ರಾತ್ರಿ ಅಲ್ಲೇ ಹಾಲ್ಟ್ ಮಾಡಿ ಬೆಳಿಗ್ಗೆ ಮೊದಲು ಹೊರಡುತ್ತದೆ. ನೀವು ಮಾಡಬೇಕೆಂದಿರುವುದು ಇದಕ್ಕೆ ಪೂರ್ತಿ ಉಲ್ಟಾ, ಅಲ್ವಾ? ಬೆಳಿಗ್ಗೆ ಪೇಟೆಯಿಂದ ಹಳ್ಳಿಗೆ ಹೋಗಿ ಸಂಜೆ ಪೇಟೆಗೆ ಬರುವುದು. ಹಾಗೆ ಮಾಡಲು ಹೊರಟರೆ ಹತ್ತು ಗಂಟೆಯ ಮೇಲೆ ಹಳ್ಳಿ ಮುಟ್ಟುತ್ತೀರಿ. ಮೂರು ಗಂಟೆಗೆಲ್ಲ ವಾಪಸ್ ಬಸ್ಸಿನ ಚಿಂತೆ ಶುರುವಾಗುತ್ತದೆ. ನಡುವೆ ಸಿಗುವುದು ಉರಿಬಿಸಿಲಿನ ನಾಲ್ಕು ಗಂಟೆ. ಆ ಹೊತ್ತಿನಲ್ಲಿ ಹಕ್ಕಿಯೂ ಕೂಗುವುದಿಲ್ಲ.

ಅದಕ್ಕೆ ನಾನು ಎಲ್ಲರಿಗೂ ಹೇಳುವುದು ಒಂದೇ. ಊರಿನವರ ಜೊತೆ ಸಂಜೆ ಬಸ್ಸಿಗೆ ಹೋಗಿ. ರಾತ್ರಿ ಹಳ್ಳಿಯಲ್ಲೇ ಉಳಿಯಿರಿ. ಈಗ ಯಾಣದ ಸುತ್ತ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆ ಹೋಂಸ್ಟೇಗಳು ಬೇಕಾದಷ್ಟಿವೆ. ಬೆಳಗಾಗುತ್ತಿದ್ದ ಹಾಗೆ, ಎಲೆ ಮೇಲಿನ ಇಬ್ಬನಿ ಆರುವ ಮೊದಲು ನಡೆಯಲು ಶುರು ಮಾಡಿ. ಮಧ್ಯಾಹ್ನದ ಬಸ್ಸಿಗೆ ಹೊರಡಿ. ಮಧ್ಯಾಹ್ನ ಬಸ್ಸಿಲ್ಲದ ಊರಾದರೆ ಇನ್ನೊಂದು ರಾತ್ರಿ ಉಳಿದು ಬೆಳಗಿನ ಬಸ್ಸು ಹಿಡಿಯಿರಿ. ಹೀಗೆ ಹೋದರೆ ಬಸ್ಸು ನಿಮ್ಮ ಜೊತೆಗಿರುತ್ತದೆ. ಕಾಡಿನ ಒಳ್ಳೆಯ ಹೊತ್ತೂ ನಿಮಗೇ ಸಿಗುತ್ತದೆ.

ಬಸ್ಸಿನ ವೇಳೆಯನ್ನು ಪೇಟೆಯ ನಿಲ್ದಾಣದ ಬೋರ್ಡ್ ನೋಡಿ ಗಟ್ಟಿ ಮಾಡಿಕೊಳ್ಳಬೇಡಿ. ಇಳಿಯುವಾಗ ಕಂಡಕ್ಟರನ್ನು ಕೇಳಿ. ಇಳಿದ ಮೇಲೆ ಅಲ್ಲಿಯ ಅಂಗಡಿಯಲ್ಲಿ ಇನ್ನೊಮ್ಮೆ ಕೇಳಿ. ಭಾನುವಾರ ಮತ್ತು ರಜೆ ದಿನ ಶಾಲೆ ಮಕ್ಕಳ ಟ್ರಿಪ್ ಇದೆಯಾ ಅಂತ ಬಿಡಿಸಿ ಕೇಳಿ. ಇದನ್ನು ನಾನು ಕಲಿತದ್ದು ಹೆಗ್ಗರಣೆಯಲ್ಲಿ. ಉಂಚಳ್ಳಿ ಜಲಪಾತ ನೋಡಿ, ಕತ್ತಲಾಗುವ ಹೊತ್ತಿಗೆ ಏದುಸಿರು ಬಿಡುತ್ತಾ ರಸ್ತೆಗೆ ಬಂದೆ. ಬಸ್ಸಿನ ವೇಳೆ ಬದಲಾಗಿ ಆಗಲೇ ಒಂದು ವಾರವಾಗಿತ್ತಂತೆ. ಹಳ್ಳಿಯಲ್ಲಿ ಯಾರನ್ನಾದರೂ ಕೇಳಿದ್ದರೆ ಹೇಳುತ್ತಿದ್ದರು, ನಾನು ಕೇಳಿರಲಿಲ್ಲ. ಅಂಗಳದಲ್ಲಿ ಅಡಿಕೆ ರಾಶಿ ಮಾಡುತ್ತಿದ್ದ ಹಿರಿಯರೊಬ್ಬರು "ಬಸ್ಸು ಹೋತಲಾ ತಮಾ" ಅಂದರು. ಮರುಕ್ಷಣ "ಆಸರಿಗೆ ಎಂತ ಬೇಕು?" (ಕುಡಿಯಲು ಏನು ಬೇಕು) ಅಂತ ಕೇಳಿ ಒಳಗೆ ಕರೆದರು. ಆ ರಾತ್ರಿ ಅಪ್ಪೆಹುಳಿ ಅನ್ನ ಉಂಡು ಅವರ ಜಗಲಿಯಲ್ಲಿ ಮಲಗಿದೆ. ಬೆಳಿಗ್ಗೆ ಆರು ಗಂಟೆಗೆ ಕಣ್ಣು ಬಿಟ್ಟರೆ ತೋಟದ ಆಚೆಯ ಮರದಲ್ಲಿ ಮಂಗಟ್ಟೆ ಹಕ್ಕಿಗಳು. ರೆಕ್ಕೆ ಬಡಿಯುವ ಸದ್ದು ಜಗಲಿವರೆಗೆ ಕೇಳುತ್ತಿತ್ತು. ಸಂಜೆ ಹೋಗಿ ಬೆಳಿಗ್ಗೆ ನಡೆಯುವ ಈ ಪದ್ಧತಿ ನನಗೆ ಶುರುವಾದದ್ದು ಅಲ್ಲಿಂದ. ಆದರೆ ನೀವು ಮಾತ್ರ ಮೊದಲೇ ಹೇಳಿ, ದುಡ್ಡು ಕೊಟ್ಟು ಉಳಿಯುವ ವ್ಯವಸ್ಥೆ ಮಾಡಿಕೊಳ್ಳಿ. ಹಳ್ಳಿಯವರ ಒಳ್ಳೆಯತನವನ್ನು ಲೆಕ್ಕಕ್ಕೆ ಹಿಡಿದು ಪ್ಲಾನ್ ಮಾಡುವುದು ಸರಿಯಲ್ಲ.

ಇನ್ನು ನೀವಿಬ್ಬರೂ ಹೆಣ್ಣುಮಕ್ಕಳು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಕರ್ನಾಟಕದವರು ಅನ್ನುವ ಗುರುತಿನ ಚೀಟಿ ತೋರಿಸಿದರೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲ. ಈ ಯೋಜನೆ ಬಂದ ಮೇಲೆ ಕಾಡಿನ ದಾರಿಗಳಲ್ಲಿ ಹೆಣ್ಣುಮಕ್ಕಳ ಗುಂಪು ನೋಡುತ್ತಿದ್ದೇನೆ. ಮೊದಲು ಅಷ್ಟು ಕಾಣುತ್ತಿರಲಿಲ್ಲ. ನೋಡಿದಾಗಲೆಲ್ಲ ಖುಷಿಯಾಗುತ್ತದೆ.

ಮಳೆಕಾಡು ಅಂದರೆ ಯಾವುದು ಅನ್ನುವುದನ್ನೂ ಸ್ವಲ್ಪ ಹೇಳಬೇಕು. ಉತ್ತರ ಕನ್ನಡ ಜಿಲ್ಲೆಯ ಸುಮಾರು ಶೇಕಡಾ 80 ಭಾಗ ಅರಣ್ಯ ಅಂತ ಎಲ್ಲರೂ ಹೇಳುತ್ತಾರೆ. ಅದೆಲ್ಲವೂ ಮಳೆಕಾಡಲ್ಲ. ಹಳಿಯಾಳ, ಮುಂಡಗೋಡಿನ ಕಡೆ ಬೇಸಿಗೆಗೆ ಎಲೆ ಉದುರುವ ಕಾಡು. ತುಂಬಾ ಕಡೆ ಸಾಗವಾನಿ, ಅಕೇಶಿಯಾ ನೆಡುತೋಪು. ನಿಜವಾದ ನಿತ್ಯಹಸಿರು ಕಾಡು ಉಳಿದಿರುವುದು ಘಟ್ಟದ ಅಂಚಿನಲ್ಲಿ ಮತ್ತು ಹೊಳೆಗಳ ಕಣಿವೆಯಲ್ಲಿ. ಅರಬ್ಬೀ ಸಮುದ್ರದಿಂದ ಬಂದ ಮೋಡ ಮೊದಲು ಬಡಿಯುವುದು ಆ ಅಂಚಿಗೇ.

ಈ ಬದಲಾವಣೆಯನ್ನು ಬಸ್ಸಿನ ಕಿಟಕಿಯಿಂದಲೇ ನೋಡಬಹುದು. ಅದೂ ನಿಮ್ಮೂರಿಂದಲೇ. ಹಾವೇರಿಯಿಂದ ಹಾನಗಲ್ ಮೇಲೆ ಸಿರ್ಸಿಗೆ, ಸಿರ್ಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಒಂದೇ ಹೆದ್ದಾರಿ. ಹಾನಗಲ್ ದಾಟುವವರೆಗೆ ಹೊಲ ಗದ್ದೆ. ಎಕ್ಕಂಬಿಯ ಆಸುಪಾಸು ಕಾಡು ಶುರುವಾಗುತ್ತದೆ, ಆದರೆ ಮರಗಳ ನಡುವೆ ಆಕಾಶ ಚೆನ್ನಾಗಿ ಕಾಣುತ್ತದೆ. ಸಿರ್ಸಿ ಬಿಟ್ಟ ಮೇಲೆ ಕಣಿವೆಯಲ್ಲಿ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ. ಸೊಪ್ಪಿನ ಬೆಟ್ಟ ಅಂದರೆ ತೋಟಕ್ಕೆ ಗೊಬ್ಬರದ ಸೊಪ್ಪು ಕಡಿಯಲು ಬಿಟ್ಟ ಕಾಡು. ಕೊಂಬೆ ಕಡಿಸಿಕೊಂಡ ಮರಗಳು ಬೋಳು ಬೋಳಾಗಿ ನಿಂತಿರುವುದನ್ನು ನೋಡಿ ಕಾಡು ಹಾಳಾಗಿದೆ ಅಂದುಕೊಳ್ಳಬೇಡಿ, ಮಳೆ ಬಿದ್ದರೆ ಅವು ಮತ್ತೆ ಚಿಗುರುತ್ತವೆ. ದೇವಿಮನೆ ಸಮೀಪ ಬಂದಾಗ ಬಸ್ಸಿನೊಳಗೆ ಒಮ್ಮೆಲೇ ತಂಪಾಗುತ್ತದೆ, ಬೆಳಕು ಹಸಿರಾಗುತ್ತದೆ. ಅಲ್ಲಿಂದ ಮುಂದಿನ ಇಳಿಜಾರಿನಲ್ಲಿ ನೀವು ಹುಡುಕುತ್ತಿರುವ ಕಾಡಿದೆ.

ಕಾಡಿನೊಳಗೆ ನಿಂತಾಗ ಗೊತ್ತಾಗುವುದು ಹೇಗೆ? ಮೇಲೆ ನೋಡಿ. ಮೂರು ನಾಲ್ಕು ಅಂತಸ್ತಿನಲ್ಲಿ ಎಲೆ ಇದ್ದು, ಬಿಸಿಲು ನಾಣ್ಯದಷ್ಟಗಲ ಚೂರುಗಳಾಗಿ ಮಾತ್ರ ನೆಲಕ್ಕೆ ಬೀಳುತ್ತಿದ್ದರೆ ಅದೇ. ಕೆಳಗೆ ಹುಲ್ಲು ಇರುವುದಿಲ್ಲ. ಬೆತ್ತ, ಬಳ್ಳಿ, ಕೊಳೆಯುವ ಎಲೆ, ಮರದ ಸಸಿಗಳು ಇರುತ್ತವೆ. ಉಪ್ಪಾಗೆ, ಮುರುಗಲು, ರಾಮಪತ್ರೆ, ಧೂಪ ಇವೆಲ್ಲ ಈ ಕಾಡಿನ ಮರಗಳು. ಮುರುಗಲಿನ ಹಣ್ಣಿನ ಶರಬತ್ತು, ಉಪ್ಪಾಗೆಯ ಹುಳಿ ಈಗಲೂ ನಮ್ಮ ಅಡುಗೆಮನೆಯಲ್ಲಿವೆ. ನಮ್ಮಲ್ಲಿ ಇಂಥ ದಟ್ಟ ಕಾಡಿಗೆ 'ಕಾನು' ಅನ್ನುತ್ತಾರೆ.

ಜಾಗದ ಮಾತಿಗೆ ಬರುತ್ತೇನೆ. ಮೊದಲ ಸಲಕ್ಕೆ ಯಾಣಕ್ಕೆ ಹೋಗಿ. "ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಅನ್ನುವ ಗಾದೆ ಕೇಳಿರಬೇಕು. ಯಾಣದ ದಾರಿ ಅಷ್ಟು ಕಷ್ಟವಾಗಿತ್ತು, ಮೈಯಲ್ಲಿ ಕಸುವಿದ್ದವರು ಮಾತ್ರ ಹೋಗುತ್ತಿದ್ದರು. ಈಗ ರಸ್ತೆ ಹತ್ತಿರದವರೆಗೂ ಇದೆ. ಹಾಗಿದ್ದರೂ ಬಂಡೆಗಳತ್ತ ಹೋಗುವ ಕಾಲುದಾರಿ, ಸುತ್ತಲಿನ ಹಳ್ಳ, ಹಳೆಯ ಮರಗಳು ಉಳಿದಿವೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಎರಡೂ ಕಪ್ಪುಗಟ್ಟಿದ ಸುಣ್ಣಕಲ್ಲು. ಜನ ಬಂಡೆ ನೋಡಿ, ಫೋಟೊ ತೆಗೆದು ಅರ್ಧ ಗಂಟೆಯಲ್ಲಿ ತಿರುಗುತ್ತಾರೆ. ನೀವು ಹಾಗೆ ಮಾಡಬೇಡಿ. ಹಳ್ಳದ ಪಕ್ಕ ಒಂದು ಗಂಟೆ ಸುಮ್ನೆ ಕೂತುಕೊಳ್ಳಿ. ಶಿಳ್ಳೆ ಹಾಕುವ ಕಪ್ಪು-ನೀಲಿ ಹಕ್ಕಿ ಬರುತ್ತದೆ. ಮರದ ತುದಿಯಲ್ಲಿ ಕೆಂದಳಿಲು ಓಡಾಡುತ್ತದೆ. ಸಿರ್ಸಿಯಿಂದಲೂ ಕುಮಟಾದಿಂದಲೂ ಹೋಗಲು ಬರುತ್ತದೆ. ಶಿವರಾತ್ರಿ ಜಾತ್ರೆಗೆ ವಿಶೇಷ ಬಸ್ಸು ಬಿಡುತ್ತಾರೆ. ಆಗ ಕಾಡಿನ ಮೌನ ಸಿಗುವುದಿಲ್ಲ, ಆದರೆ ದಾರಿಯುದ್ದಕ್ಕೂ ಜನ ಇರುವುದರಿಂದ ಮನೆಯವರಿಗೆ ಧೈರ್ಯ. ಯಾಣದಿಂದ ವಿಭೂತಿ ಜಲಪಾತದ ಕಡೆ ನಡೆದುಹೋಗುವವರೂ ಇದ್ದಾರೆ. ಊರಿನವರೊಬ್ಬರು ಜೊತೆಗಿದ್ದರೆ ಮಾತ್ರ ಹೋಗಿ. ಕವಲುದಾರಿ ಜಾಸ್ತಿ, ಸೊಪ್ಪು ಹೊರುವವರ ದಾರಿಯೂ ಚಾರಣದ ದಾರಿಯ ಹಾಗೇ ಕಾಣುತ್ತದೆ.

ಎರಡನೆಯದು ನಾನು ಆಗಲೇ ಹೇಳಿದ ಉಂಚಳ್ಳಿ. ಅಘನಾಶಿನಿ ಹೊಳೆ 116 ಮೀಟರ್ ಎತ್ತರದಿಂದ ಬೀಳುವ ಜಾಗ, ಸಿದ್ದಾಪುರ ತಾಲೂಕು. 1845ರಲ್ಲಿ ಇದನ್ನು ನೋಡಿದ ಬ್ರಿಟಿಷ್ ಕಲೆಕ್ಟರ್ ಲುಷಿಂಗ್ಟನ್‌ನ ಹೆಸರೂ ಇದಕ್ಕಿದೆ. ಊರಿನವರಿಗೆ ಇದು ಕೆಪ್ಪ ಜೋಗ. ಅದರ ಸದ್ದಿಗೆ ಪಕ್ಕದವರ ಮಾತು ಕೇಳುವುದಿಲ್ಲ. ಹೆಗ್ಗರಣೆಯಲ್ಲಿ ಬಸ್ಸಿಳಿದರೆ ಸುಮಾರು 5 ಕಿ.ಮೀ. ನಡಿಗೆ. ಹೋಗಿ ಬರಲು ಮೂರೂವರೆ ಗಂಟೆ, ಅಲ್ಲಿ ಕೂರಲು ಒಂದೂವರೆ ಗಂಟೆ ಇಟ್ಟುಕೊಳ್ಳಿ. ಕಾಡಿನ ದಾರಿಯಲ್ಲಿ ಗಂಟೆಗೆ ಮೂರು ಕಿ.ಮೀ.ಗಿಂತ ಜಾಸ್ತಿ ಲೆಕ್ಕ ಹಾಕಬೇಡಿ, ಘಟ್ಟ ಹತ್ತುವಾಗ ಎರಡು. ನೀರು ನೋಡಬೇಕಾದರೆ ಬೇಲಿಯ ಈಚೆಯಿಂದಲೇ ನೋಡಿ. ಪಾಚಿ ಕಟ್ಟಿದ ಬಂಡೆ ಸಾಬೂನಿನಷ್ಟು ಜಾರುತ್ತದೆ. ಪ್ರತಿ ಮಳೆಗಾಲ ಯಾವುದೋ ಒಂದು ಜಲಪಾತದಲ್ಲಿ ಯಾರದೋ ಮನೆಯ ಮಗ ಹೋದ ಸುದ್ದಿ ಓದುತ್ತೇವೆ. ಪ್ರತಿ ಸಲವೂ ನನಗೆ ಸಂಕಟವಾಗುತ್ತದೆ.

ಈ ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಸಿರ್ಸಿಯ ಹತ್ತಿರ ಹುಟ್ಟಿ ಕುಮಟಾ ಹತ್ತಿರ ಸಮುದ್ರ ಸೇರುವವರೆಗೆ ಹರಿದುಕೊಂಡೇ ಹೋಗುತ್ತದೆ. ಅದರ ಕಣಿವೆಯ ಕಾಡಿನಲ್ಲಿ ಸಿಂಗಳೀಕಗಳಿವೆ. ಬಿಳಿ ಕೇಸರ, ಸಿಂಹದ ಬಾಲದಂಥ ಬಾಲದ ಕಪ್ಪು ಮಂಗ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಇವುಗಳಿಗಾಗಿಯೇ 2011ರಲ್ಲಿ ಇಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. ಮುಂದೆ 2019ರಲ್ಲಿ ಅದು ಶರಾವತಿ ಕಣಿವೆಯ ಜೊತೆ ಸೇರಿ ಸಿಂಗಳೀಕ ಅಭಯಾರಣ್ಯವಾಯಿತು. ಸಿಂಗಳೀಕ ಮರದ ಮೇಲೇ ಬದುಕುವ ಪ್ರಾಣಿ. ಕೊಂಬೆಯಿಂದ ಕೊಂಬೆಗೆ ಹೋಗಲು ಕಾಡು ಒಂದಕ್ಕೊಂದು ಕೂಡಿರಬೇಕು. ನಡುವೆ ರಸ್ತೆ, ಕಾಲುವೆ ಬಂದು ಮೇಲಿನ ಹಸಿರು ಹರಿದರೆ ಗುಂಪು ಅಲ್ಲಿಗೇ ನಿಲ್ಲುತ್ತದೆ. ಕಂಡರೆ ದಯವಿಟ್ಟು ಬಾಳೆಹಣ್ಣು, ಬಿಸ್ಕತ್ತು ಕೊಡಬೇಡಿ. ಕೆಳಗಿಳಿದು ತಿನ್ನುವುದನ್ನು ಕಲಿತ ಸಿಂಗಳೀಕ ಗಾಡಿಗೆ ಸಿಕ್ಕಿ ಸಾಯುತ್ತದೆ.

ಮೂರನೆಯ ಜಾಗದ ಹೆಸರೇ ಕತ್ತಲೆಕಾನು. ಹೊನ್ನಾವರದಿಂದ ಗೇರುಸೊಪ್ಪೆ, ಮಾವಿನಗುಂಡಿ ಮೇಲೆ ಜೋಗ, ಸಾಗರಕ್ಕೆ ಹೋಗುವ ಬಸ್ಸು ಇದರ ಪಕ್ಕದಲ್ಲೇ ಹಾದುಹೋಗುತ್ತದೆ. ಇಲ್ಲಿ ರಾಮಪತ್ರೆ ಜಡ್ಡಿ ಇದೆ. ವರ್ಷವಿಡೀ ನೀರು ನಿಂತ ಕೆಸರು ನೆಲ, ಅದರಲ್ಲಿ ರಾಮಪತ್ರೆ ಜಾತಿಯ ಮರಗಳು. ಕೆಸರಿನೊಳಗೆ ಬೇರಿಗೆ ಗಾಳಿ ಸಿಗುವುದಿಲ್ಲ. ಅದಕ್ಕೆ ಬೇರುಗಳು ಮಡಚಿದ ಮೊಣಕಾಲಿನ ಹಾಗೆ ನೆಲದಿಂದ ಮೇಲೆದ್ದು, ಗಾಳಿ ಕುಡಿದು, ಮತ್ತೆ ಕೆಳಗಿಳಿಯುತ್ತವೆ. ಕೆಲವು ಮರಗಳು ಊರುಗೋಲಿನ ಮೇಲೆ ನಿಂತ ಹಾಗೆ ಬುಡದ ಸುತ್ತ ಬೇರು ಇಳಿಬಿಟ್ಟಿರುತ್ತವೆ. ತುಂಬಾ ಹಳೆಯ ಕಾಲದ ಕಾಡು ಇದು. ಗೇರಿನ ಕುಟುಂಬದ ಒಂದು ಮರವನ್ನು 2000ದಲ್ಲಿ ಇಲ್ಲಿಂದಲೇ ಹೊಸ ಜಾತಿ ಅಂತ ಗುರುತಿಸಿದರು. ಅದರ ವೈಜ್ಞಾನಿಕ ಹೆಸರಿನಲ್ಲೇ ಕತ್ತಲೆಕಾನು ಇದೆ. 2014ರಲ್ಲಿ ಒಂದು ಕಪ್ಪೆಯ ಸರದಿ. ಇದರ ಗಂಡು ಕಪ್ಪೆ ಮುಂಗೈಯಲ್ಲಿ ಮಣ್ಣು ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ, ಮಡಕೆ ಮಾಡುವವರ ಹಾಗೆ. ಅದಕ್ಕೇ ಅದು ಕುಂಬಾರ ಕಪ್ಪೆ. ಅಷ್ಟು ಚಿಕ್ಕ ಜೀವಿ ಕತ್ತಲೆಯಲ್ಲಿ ಮಣ್ಣು ಹೊರುವುದನ್ನು ನೆನೆದರೆ ನನಗೆ ಈಗಲೂ ಆಶ್ಚರ್ಯ.

ಆದರೆ ಜಡ್ಡಿಯೊಳಗೆ ನೀವೇ ಇಳಿಯಬೇಡಿ. ಆ ಬೇರುಗಳ ಮೇಲೆ ಕಾಲಿಟ್ಟರೆ ಸಸಿ ಸಾಯುತ್ತದೆ. ಅಭಯಾರಣ್ಯಕ್ಕೆ ಅನುಮತಿ ಇಲ್ಲದೆ ಹೋಗುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಕೇಳಿ. ಅನುಮತಿ ಸಿಕ್ಕರೆ ವಾಚರ್ ಜೊತೆ ಹೋಗಿ. ಸಿಗದಿದ್ದರೆ ಬಸ್ಸಿನ ಕಿಟಕಿ ಪಕ್ಕದ ಸೀಟು ಹಿಡಿಯಿರಿ, ಮಾಲೆಮನೆ ಘಟ್ಟದ ದಾರಿ ಅಷ್ಟರಮಟ್ಟಿಗೆ ಸೊಗಸಾಗಿದೆ.

ಕಾರವಾರದ ಕಡೆಯ ಮಾತೂ ಇದೇ. ಕಾರವಾರದಿಂದ ಜೋಯಿಡಾ, ದಾಂಡೇಲಿಗೆ ಹೋಗುವ ಬಸ್ಸು ಅಣಶಿ ಘಟ್ಟ ಹತ್ತುತ್ತದೆ. ನನ್ನ ಮಟ್ಟಿಗೆ ಇದು ಜಿಲ್ಲೆಯ ಅತ್ಯಂತ ಚಂದದ ಬಸ್ ಪ್ರಯಾಣ. ಆದರೆ ಆ ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶ. 2007ರಲ್ಲಿ ದಾಂಡೇಲಿ-ಅಣಶಿ ಅಂತ ಶುರುವಾಗಿ 2015ರಲ್ಲಿ ಈ ಹೆಸರು ಬಂತು. ದಾರಿಯಲ್ಲಿ ಇಳಿದು ಎಲ್ಲೆಂದರಲ್ಲಿ ಕಾಡಿಗೆ ನುಗ್ಗುವ ಹಾಗಿಲ್ಲ. ಇಲಾಖೆ ಒಪ್ಪಿಗೆ ಕೊಟ್ಟ ದಾರಿಗಳಲ್ಲಿ, ಅವರ ಮಾರ್ಗದರ್ಶಿಯ ಜೊತೆ ಮಾತ್ರ ನಡೆಯಬಹುದು. ರಾಜ್ಯದ ಚಾರಣದ ದಾರಿಗಳಿಗೆ 'ಅರಣ್ಯ ವಿಹಾರ' ಅನ್ನುವ ಇಲಾಖೆಯ ತಾಣದಲ್ಲಿ ಮುಂಗಡ ಬುಕಿಂಗ್ ಇದೆ. ಹೊರಡುವ ಮೊದಲು ಅದನ್ನು ನೋಡಿ. ಕಾರವಾರ ಊರಿಗೆ ಅಂಟಿಕೊಂಡೇ ಗುಡ್ಡಳ್ಳಿ ಬೆಟ್ಟ ಇದೆ. ರೈಲಿನಲ್ಲಿ ಬಂದವರಿಗೂ ಅದು ಒಂದು ಬೆಳಗಿನ ನಡಿಗೆ. ಮೇಲೆ ಹೋದರೆ ಒಂದು ಕಡೆ ಕಾಡು, ಇನ್ನೊಂದು ಕಡೆ ಸಮುದ್ರ. ಅಣಶಿಯಷ್ಟು ದಟ್ಟ ಅಲ್ಲ, ಆದರೆ ಕಾಲು ಪಳಗಿಸಲು ಒಳ್ಳೆಯದು.

ಕ್ಯಾಸಲ್‌ರಾಕ್‌ನಿಂದ ರೈಲು ಹಳಿ ಮೇಲೆ ದೂಧಸಾಗರ ಜಲಪಾತಕ್ಕೆ ನಡೆಯುವ ವಿಡಿಯೊಗಳನ್ನು ನೋಡಿರುತ್ತೀರಿ. ಅದು ನಿಷಿದ್ಧ, ಸುರಂಗದೊಳಗೆ ರೈಲು ಬಂದರೆ ಸರಿಯಲು ಜಾಗವಿಲ್ಲ. ಆ ಯೋಚನೆಯೇ ಬೇಡ.

ಯಾವ ತಿಂಗಳು? ಅಕ್ಟೋಬರ್ ಎರಡನೇ ವಾರದಿಂದ ನವೆಂಬರ್ ಕೊನೆಯವರೆಗೆ. ನನ್ನನ್ನು ಕೇಳಿದರೆ ಇದು ಬಿಟ್ಟು ಬೇರೆ ಉತ್ತರವಿಲ್ಲ. ಹಳ್ಳಗಳಲ್ಲಿ ನೀರು ಇರುತ್ತದೆ, ದಾಟಲು ಆಗುತ್ತದೆ. ಉಂಬಳ ಕಡಿಮೆಯಾಗಿರುತ್ತದೆ, ಉಣುಗು (ರಕ್ತ ಹೀರುವ ಉಣ್ಣೆ ಹುಳ) ಇನ್ನೂ ಹೆಚ್ಚಿರುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಕಾಡನ್ನು ಮಳೆಯಲ್ಲೇ ನೋಡುವ ಆಸೆ ಎಲ್ಲರಿಗೂ ಇರುತ್ತದೆ, ನನಗೂ ಇದೆ. ಆದರೆ ಬಸ್ಸು ನಂಬಿ ಬರುವವರಿಗೆ ಆ ತಿಂಗಳು ಕಷ್ಟ. ಘಟ್ಟದಲ್ಲಿ ಧರೆ ಕುಸಿದರೆ ಬಸ್ಸು ನಿಲ್ಲುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆಯೇ ಗುಡ್ಡ ಬಂದು ಬಿದ್ದು ಜನ ಸತ್ತದ್ದನ್ನು ನಾವು ಯಾರೂ ಮರೆತಿಲ್ಲ. ದೇವಿಮನೆ ಘಟ್ಟದಲ್ಲೂ ರಸ್ತೆ ಅಗಲ ಮಾಡುವ ಕೆಲಸದಿಂದ ಆಗಾಗ ಸಂಚಾರ ನಿಂತಿದೆ. ಮಳೆಗಾಲದಲ್ಲಿ ಬಂದೇ ಬರುತ್ತೀರಾದರೆ ಹಳ್ಳ ದಾಟದ, ಒಂದೆರಡು ಕಿ.ಮೀ. ನಡಿಗೆ ಸಾಕು. ಬೆಳಿಗ್ಗೆ ಮೊಣಕಾಲಿನಷ್ಟು ನೀರಿದ್ದ ಹಳ್ಳ ಮೇಲೆಲ್ಲೋ ಮಳೆ ಬಿದ್ದರೆ ಮಧ್ಯಾಹ್ನಕ್ಕೆ ಕಾಲುಸಂಕದ ಮೇಲೆ ಹರಿಯುತ್ತದೆ. ಆಗ ಕಾಯಬೇಕು. ಎರಡು ಗಂಟೆ ಕಾದರೆ ಇಳಿಯುತ್ತದೆ ಅನ್ನುವುದಕ್ಕಿಂತ, ಇಳಿಯುವವರೆಗೆ ಕಾಯಿರಿ. ಬಸ್ಸು ಹೋದರೆ ಹೋಗಲಿ.

ಈಗ ಭಯಗಳ ವಿಷಯ. ಉಂಬಳದಿಂದ ಏನೂ ಆಗುವುದಿಲ್ಲ. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆ, ಅದಕ್ಕೇ ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ. ಪ್ಯಾಂಟನ್ನು ಉದ್ದದ ಕಾಲುಚೀಲದೊಳಗೆ ತುರುಕಿ. ಕಾಲುಚೀಲಕ್ಕೆ ಸುಣ್ಣ, ಹೊಗೆಸೊಪ್ಪಿನ ನೀರು ಹಚ್ಚಿ. ನಮ್ಮ ಹಿರಿಯರು ಕವಳದ ಸಂಚಿಯ ಸುಣ್ಣವನ್ನೇ ಬೆರಳ ತುದಿಯಿಂದ ಮುಟ್ಟಿಸುತ್ತಿದ್ದರು, ಉಂಬಳ ತಾನೇ ಉದುರುತ್ತಿತ್ತು. ಉಗುರಿನಿಂದ ಅದರ ಬಾಯಿಯ ಪಕ್ಕ ಮೆಲ್ಲಗೆ ಸರಿಸಿದರೂ ಬಿಡುತ್ತದೆ. ಎಳೆದು ಕೀಳಬೇಡಿ. ಆಮೇಲೆ ಸಾಬೂನು ಹಾಕಿ ತೊಳೆದರೆ ಮುಗಿಯಿತು, ತುರಿಸಿದರೆ ಮಾತ್ರ ಹುಣ್ಣಾಗುತ್ತದೆ.

ಮಂಗನ ಕಾಯಿಲೆ ಹಾಗಲ್ಲ, ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣುಗು ಕಚ್ಚುವುದರಿಂದ ಬರುತ್ತದೆ. ಡಿಸೆಂಬರ್‌ನಿಂದ ಮೇ ತನಕ ಜೋರು. 2024ರ ಮೊದಲ ತಿಂಗಳುಗಳಲ್ಲಿ ಸಿದ್ದಾಪುರ ತಾಲೂಕಿನಲ್ಲಿ ತುಂಬಾ ಜನರಿಗೆ ಬಂತು, ಸಾವೂ ಆಯಿತು. ಆ ತಿಂಗಳುಗಳಲ್ಲಿ ಹೊರಡುವ ಮೊದಲು ಆ ಊರಿನಲ್ಲಿ ಕಾಯಿಲೆ ಇದೆಯಾ ಅಂತ ಕೇಳಿ. ಇದ್ದರೆ ಹೋಗಬೇಡಿ. ಪೂರ್ತಿ ಮೈ ಮುಚ್ಚುವ ಬಟ್ಟೆ ಹಾಕಿ. ಉಣುಗು ಹತ್ತದಂತೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ಎಣ್ಣೆ ಹಚ್ಚಿ. ಒಣ ಎಲೆಯ ಮೇಲೆ ಕೂರುವುದು, ಮಲಗುವುದು ಬೇಡ. ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಬಿಸಿನೀರಲ್ಲಿ ನೆನೆಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಅಥವಾ ಅರಣ್ಯ ಸಿಬ್ಬಂದಿಗೆ ತಿಳಿಸಿ. ಒಂದು ವಾರ, ಹತ್ತು ದಿನದೊಳಗೆ ಇದ್ದಕ್ಕಿದ್ದ ಹಾಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ಮೊದಲ ಮಾತೇ "ಕಾಡಿಗೆ ಹೋಗಿದ್ದೆ" ಅಂತ ಹೇಳಿ. ಹಾವೇರಿಯ ಡಾಕ್ಟರಿಗೆ ಅದು ಥಟ್ಟನೆ ಹೊಳೆಯದೆ ಇರಬಹುದು.

ಹಾವಿನಲ್ಲಿ ನಮ್ಮ ಕಾಡಿನ ದಾರಿಗಳಲ್ಲಿ ಗಮನಿಸಬೇಕಾದ್ದು ಗುಳಿಮಂಡಲ. ಎಲೆಯ ಬಣ್ಣದಲ್ಲೇ ಇರುತ್ತದೆ. ಪೊದೆಯ ಕೊಂಬೆ ಮೇಲೆ, ಸೊಂಟದೆತ್ತರಕ್ಕೆ ಸುಮ್ಮನೆ ಸುತ್ತಿಕೊಂಡು ಕೂತಿರುತ್ತದೆ. ಆಸ್ಪತ್ರೆಯಲ್ಲಿ ಸಿಗುವ ವಿಷನಿರೋಧಕ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ತಯಾರಾದದ್ದು, ಗುಳಿಮಂಡಲಕ್ಕಲ್ಲ. ಅದಕ್ಕೆ ಹತ್ತುವಾಗ, ಇಳಿಯುವಾಗ ನೋಡದೆ ಕೊಂಬೆ ಹಿಡಿಯಬೇಡಿ. ಕೈಯಲ್ಲಿ ಒಂದು ಕೋಲು ಇರಲಿ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಮಾಡದೆ, ಕೈಕಾಲು ಅಲುಗಾಡಿಸದೆ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಫೋನ್ ಮಾಡಿ. ಆದರೆ ಕಣಿವೆಯಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಹಾಗಾಗಿ ಎಷ್ಟು ಹೊತ್ತಿಗೆ ವಾಪಸ್ ಬರುತ್ತೀರಿ ಅಂತ ಉಳಿದ ಮನೆಯಲ್ಲಿ ಹೇಳಿಯೇ ಹೊರಡಿ.

ದಾರಿಯಲ್ಲಿ ಗದ್ದೆ, ತೋಟದ ದಣಪೆ (ಅಡ್ಡ ಗಳಗಳ ಬಾಗಿಲು) ಸಿಗುತ್ತದೆ. ತೆಗೆದು ದಾಟಿದ ಮೇಲೆ ಗಳಗಳನ್ನು ಮೊದಲಿದ್ದ ಹಾಗೇ ಹಾಕಿ, ಇಲ್ಲದಿದ್ದರೆ ದನ ತೋಟಕ್ಕೆ ನುಗ್ಗುತ್ತದೆ. ಪ್ಲಾಸ್ಟಿಕ್ ನಿಮ್ಮ ಚೀಲದಲ್ಲೇ ವಾಪಸ್ ಬರಲಿ. ಸಿರ್ಸಿಯ ಸಾಲ್ಕಣಿ ಕಡೆಯ ಹಳ್ಳಿಗರು 1983ರಲ್ಲಿ ಕಡಿಯಲು ಬಂದ ಮರಗಳನ್ನು ಅಪ್ಪಿ ಹಿಡಿದು ನಿಂತದ್ದಕ್ಕೆ, ಪಾಂಡುರಂಗ ಹೆಗಡೆಯವರಂಥವರು 'ಅಪ್ಪಿಕೋ' ಅಂತ ಊರೂರು ಅಲೆದದ್ದಕ್ಕೆ ಈ ಕಾಡು ಇವತ್ತು ನಡೆಯಲು ಸಿಗುತ್ತಿದೆ.

ನಿಮ್ಮ ಮೊದಲ ಪ್ರವಾಸ ಹೀಗಿರಲಿ. ಅಕ್ಟೋಬರ್ ಕೊನೆಯ ಒಂದು ಶುಕ್ರವಾರ ಬೆಳಿಗ್ಗೆ ಹಾವೇರಿಯಿಂದ ಸಿರ್ಸಿ ಬಸ್ಸು ಹತ್ತಿ. ಸಿರ್ಸಿಯಲ್ಲಿ ಊಟ ಮಾಡಿ. ಯಾಣದ ಕಡೆ ಹೋಗುವ ಬಸ್ಸು ಹಳೇ ನಿಲ್ದಾಣದ್ದೋ ಹೊಸದ್ದೋ ಅಂತ ಕೇಳಿಕೊಂಡು ಅಲ್ಲಿಗೆ ಹೋಗಿ. ಸಂಜೆ ಬಸ್ಸಿನಲ್ಲಿ ಕೂತ ಶಾಲೆ ಮಕ್ಕಳ ನಡುವೆ ನಿಮ್ಮ ಚೀಲಕ್ಕೂ ಜಾಗ ಸಿಗುತ್ತದೆ. ಇಬ್ಬರಿಗೂ ಎರಡೆರಡು ಲೀಟರ್ ನೀರು, ಒಂದು ಟಾರ್ಚ್, ಒಣ ಬಟ್ಟೆ, ಕೊಡೆ ಇದ್ದರೆ ಸಾಕು. ಶನಿವಾರ ಬೆಳಿಗ್ಗೆ ಆರೂವರೆಗೆ ಹೊರಡಿ, ಹಳ್ಳದ ಪಕ್ಕ ಕೂರುವ ಆ ಒಂದು ಗಂಟೆ ಬಿಡಬೇಡಿ. ಉಳಿಯುವ ಮನೆಗೆ ಎರಡು ದಿನ ಮೊದಲೇ ಫೋನ್ ಮಾಡಿ, ಬಸ್ಸಿನಲ್ಲಿ ಬರುತ್ತೇವೆ ಅಂತ ಹೇಳಿ. ಬಸ್ಸು ತಡವಾದರೂ ಕ್ರಾಸಿನಲ್ಲಿ ಟಾರ್ಚ್ ಹಿಡಿದು ಯಾರಾದರೂ ನಿಂತಿರುತ್ತಾರೆ.